ತೂತು ತಗಡಿನ ಪರದೆ

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಆಗಷ್ಟೇ ಸ್ವಂತವಾಗಿ ಒಳಾಂಗಣ ವಿನ್ಯಾಸದ ಕೆಲಸ ಶುರುಮಾಡಿದ್ದೆ. ಹಾಗಂದರೆ ಏನೆಂದು ನಮ್ಮಮ್ಮನಿಗೂ ಸರಿಯಾಗಿ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ "ಕರ್ಟನ್ ಬಟ್ಟೆ ಆರಿಸಿಕೊಡ್ತಾಳೆ" ಅನ್ನುತ್ತಿದ್ದಳು. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಿಂದ ಕರೆ ಬಂತು. ಆಫೀಸಿನಲ್ಲಿ ಬಂದವರು ಕೂರುವ ಜಾಗಕ್ಕೂ ಮಾಲೀಕರ ಮೇಜಿಗೂ ನಡುವೆ ಒಂದು ಮರೆ ಬೇಕಿತ್ತು.

ಅಳತೆ ತೆಗೆದುಕೊಂಡು ಹೊರಗೆ ಬಂದಾಗ ಶೆಡ್ಡಿನ ಹಿಂದೆ ಗುಜರಿ ರಾಶಿ ಕಂಡಿತು. ವಾಷರ್ ಕತ್ತರಿಸಿ ಉಳಿದ ತಗಡಿನ ಪಟ್ಟಿಗಳು. ಉದ್ದಕ್ಕೂ ದುಂಡನೆಯ ತೂತುಗಳು. ಒಂದನ್ನು ಎತ್ತಿ ಬಿಸಿಲಿಗೆ ಹಿಡಿದೆ. ನನ್ನ ಸೀರೆಯ ಮೇಲೆ ಬೆಳಕಿನ ಬಿಲ್ಲೆಗಳು ಸಾಲಾಗಿ ಬಿದ್ದವು. ಕೈ ಅಲುಗಿಸಿದರೆ ಅವೂ ತೇಲಿದವು. ಒಳಗೆ ತಗಡಿಗೆ ತೂತು ಹೊಡೆಯುವ ಪ್ರೆಸ್ ಮೆಷಿನ್ನು ಧಡ್ ಧಡ್ ಅನ್ನುತ್ತಲೇ ಇತ್ತು, ನನಗೆ ಮಾತ್ರ ಅದು ಬಹಳ ದೂರದಲ್ಲೆಲ್ಲೋ ಕೇಳಿಸಿದ ಹಾಗಿತ್ತು.

"ಮೇಡಂ, ಅಂಗ್ ಇಡೀಬ್ಯಾಡಿ, ಕೈ ಕುಯ್ದ್ಬಿಡ್ತದೆ."

ಆ ಮೆಷಿನ್ ನಡೆಸುವವನು ಅದನ್ನು ನಿಲ್ಲಿಸಿ ಬಾಗಿಲಿಗೆ ಬಂದಿದ್ದ. ಪಕ್ಕದ ಹಳ್ಳಿಯಿಂದ ಸೈಕಲ್ಲಿನಲ್ಲಿ ಬರುವ, ತಲೆ ಅರ್ಧ ನೆರೆತ ಮನುಷ್ಯ.

"ಇಂಥವನ್ನ ಒಂದಷ್ಟು ಮನೆಗೆ ತಗೊಂಡ್ಹೋಗ್ಲಾ?"

"ಇದ್ರಲ್ಲಿ ಏನ್ ಮಾಡ್ತೀರ?"

"ಗೊತ್ತಿಲ್ಲ. ಏನೋ ಮಾಡ್ಬೇಕು ಅನ್ನಿಸ್ತಿದೆ."

ಅವನು ನಗಲಿಲ್ಲ. ಒಳಗಿಂದ ಅರ ತಂದು, ಹರಿತವಾದ ಅಂಚನ್ನು ಹೇಗೆ ಉಜ್ಜಿ ಮಟ್ಟ ಮಾಡಬೇಕೆಂದು ತೋರಿಸಿಕೊಟ್ಟ.

ಬೀದಿಯಲ್ಲಿ ಸಿಕ್ಕ ಹೆಂಚಿನ ಚೂರು, ಹಳೆ ಸ್ಪ್ರಿಂಗು ಜೋಡಿಸಿ ಏನಾದರೂ ಮಾಡುವ ಚಟ ನನಗೆ ಕಾಲೇಜಿನಿಂದಲೂ ಇತ್ತು. ಕೆಲಸ ಕೊಡುವವರಿಗೆ ಅದನ್ನು ತೋರಿಸುತ್ತಿರಲಿಲ್ಲ. ಅದು ಬೇರೆ, ಹೊಟ್ಟೆಪಾಡು ಬೇರೆ ಅಂದುಕೊಂಡಿದ್ದೆ. ಆದರೆ ಆ ವಾರ ತಾರಸಿಯ ಮೇಲೆ ಕೂತು ಪಟ್ಟಿಗಳನ್ನು ತಂತಿಯಿಂದ ಹೆಣೆಯುತ್ತ, ಬೆಳಕಿನ ಬಿಲ್ಲೆಗಳು ಗೋಡೆಯಿಂದ ಗೋಡೆಗೆ ಸರಿಯುವುದನ್ನು ನೋಡುತ್ತ, ಊಟದ ಹೊತ್ತನ್ನೂ ಮರೆತೆ. ಮರದ ಚೌಕಟ್ಟು ಹಾಕಿಸಿದಾಗ, ಆಫೀಸಿಗೆ ಬೇಕಿದ್ದ ಮರೆ ಇದೇ ಅನ್ನಿಸಿ ಕಾರ್ಖಾನೆಗೆ ಒಯ್ದೆ.

ಮಾಲೀಕರು ನೋಡಿದರು. "ಏನಮ್ಮಾ, ನನ್ ಗುಜರೀನ ನಂಗೇ ತಂದು ಕೊಡ್ತಿದ್ದೀರಲ್ಲ? ಬಂದೋರು ಏನಂದ್ಕೋತಾರೆ?"

ಆಫೀಸಿಗೆ ಪ್ಲೈವುಡ್ಡಿನ ಮರೆ ಮಾಡಿಕೊಟ್ಟೆ. "ಈ ತಗಡಿಂದು ಬೇಕಾದ್ರೆ ಕ್ಯಾಂಟೀನಲ್ಲಿರ್ಲಿ" ಅಂದರು. ಪೂರ್ವದ ಕಿಟಕಿಯ ಹತ್ತಿರ ಅದನ್ನು ನಿಲ್ಲಿಸಿ, ಮುಖ ಸಣ್ಣದು ಮಾಡಿಕೊಂಡು ಬಂದೆ.

ಆಯುಧಪೂಜೆಗೆ ನನ್ನನ್ನೂ ಕರೆದಿದ್ದರು. ಮೆಷಿನ್ನುಗಳಿಗೆಲ್ಲ ಚೆಂಡುಹೂವಿನ ಹಾರ. ಕೆಲಸಗಾರರ ಮನೆಯವರೆಲ್ಲ ಬಂದಿದ್ದರು. ಪ್ರೆಸ್ ಮೆಷಿನ್ನಿನವನು ಹೆಂಡತಿಯನ್ನು ಕರೆದುಕೊಂಡು ನೇರ ಕ್ಯಾಂಟೀನಿಗೆ ಬಂದ.

"ಏನ್ ಮಾಡ್ತೀಯ ಅಲ್ಲಿ ಅಂತ ಕೇಳ್ತಾನೇ ಇದ್ಲು ಮೇಡಂ. ತೋರ್ಸಕ್ಕೆ ಏನಿತ್ತು? ವಾಷರ್ರು ಓಗಿ ಯಾವ್ದೋ ಮೆಷಿನ್ನೊಳಗೆ ಸೇರ್ಕೊಂಬಿಡ್ತವೆ."

ಆಕೆ ಒಂದು ತೂತಿನ ಅಂಚಿನ ಮೇಲೆ ಬೆರಳಾಡಿಸಿದಳು. "ಇಷ್ಟು ದುಂಡಗೆ ಬರ್ತದಾ? ಎಲ್ಲಾನೂ ನೀನೇ ಒಡ್ದಿದ್ದಾ?"

ಅವನು ನಾಚಿಕೊಂಡು ತಲೆಯಾಡಿಸಿದ. ಬೆಳಗಿನ ಬಿಸಿಲು ಪರದೆಯೊಳಗಿಂದ ಬಂದು ಅವಳ ಹಳದಿ ಸೀರೆ, ಕೆನ್ನೆ, ಬಳೆಗಳ ಮೇಲೆಲ್ಲ ಬಿತ್ತು. ಅವಳು ಕಣ್ಣು ಮುಚ್ಚಿ ಸುಮ್ಮನೆ ನಿಂತಳು. "ಬೆಚ್ಚಗದೆ" ಅಂದಳು. ಹೊರಗೆ ಕುಂಬಳಕಾಯಿ ಒಡೆದ ಸದ್ದಾಗುವವರೆಗೂ ಮೂವರೂ ಹಾಗೇ ನಿಂತಿದ್ದೆವು.

ಮಾಲೀಕರು ಕೊನೆಯವರೆಗೂ ಅದನ್ನು ಚೆನ್ನಾಗಿದೆ ಅನ್ನಲಿಲ್ಲ. ಆದರೆ ಮರುವರ್ಷ ತಮ್ಮ ಹೊಸ ಮನೆಯ ಕೆಲಸಕ್ಕೂ ನನ್ನನ್ನೇ ಕರೆದರು. ಅಲ್ಲಿಗೆ ಹೋದವಳು ನಡುಮನೆಯ ಅಳತೆ ತೆಗೆಯುವ ಮೊದಲೇ, "ಸಾರ್, ಮನೆ ಕಟ್ಟಿ ಮಿಕ್ಕಿದ್ದೆಲ್ಲ ಎಲ್ಲಿ ಹಾಕಿದ್ದೀರ, ಒಂದ್ಸಲ ನೋಡ್ಬಹುದಾ?" ಅಂತ ಕೇಳಿದೆ.