ದಿನಾ ಜಾಗ ಬದಲಿಸಿದ ಗಿಡ

ಗೋಕಾಕದ ಹಲ್ಲಿನ ದವಾಖಾನೆಯೊಂದರಲ್ಲಿ ಉಮೇಶ ಕಾಂಪೌಂಡರ್. ಚೀಟಿ ಬರೆಯುವುದು, ಹೆಸರು ಕೂಗುವುದು, ಒಳಗಿನಿಂದ ನರಳಾಟ ಕೇಳಿಸಿದರೆ ಹೊರಗೆ ಕುಳಿತವರಿಗೆ ‘ಏನೂ ಆಗಂಗಿಲ್ರಿ’ ಎನ್ನುವುದು, ಇಷ್ಟು ಅವನಿಗೆ ತಿಳಿದ ವೈದ್ಯಕೀಯ. ಇನ್ನೊಂದು ಕೆಲಸವನ್ನು ತಾನಾಗಿ ಮೈಮೇಲೆ ಎಳೆದುಕೊಂಡಿದ್ದ. ಕಾಯುವ ಕೋಣೆಯ ಫೈಕಸ್ ಗಿಡ.

ಹುಕ್ಕೇರಿಯವರಾದ ಡಾಕ್ಟರ್ ಬಸವಲಿಂಗ ಅವರು ಹಿಡಕಲ್ ಕಡೆಯ ನರ್ಸರಿಯಿಂದ ಒಂದೇ ದಿನ ಎರಡು ಗಿಡ ತಂದಿದ್ದರು. ಎರಡೂ ಸೊಂಟದೆತ್ತರ, ಎರಡರದ್ದೂ ಜೋತುಬಿದ್ದ ಸಣ್ಣ ಹೊಳೆಯುವ ಎಲೆ. ಒಂದು ಇಲ್ಲಿಗೆ, ಇನ್ನೊಂದು ಮೂಡಲಗಿಯ ಶಾಖೆಗೆ. ಮೂಡಲಗಿಯ ಕೌಂಟರಿನಲ್ಲಿ ಕೂರುವವಳು ಕಲ್ಲೋಳಿಯ ಕಸ್ತೂರಿ. ಎರಡು ವರ್ಷವಾದರೂ ಉಮೇಶ ಅವಳ ಮುಖ ನೋಡಿರಲಿಲ್ಲ. ನೋಡದೆಯೇ ಹೊಟ್ಟೆ ಉರಿಸಿಕೊಳ್ಳುವ ಅನುಕೂಲವನ್ನು ಡಾಕ್ಟರರ ಮೊಬೈಲು ಮಾಡಿಕೊಟ್ಟಿತ್ತು.

ಡಾಕ್ಟರಿಗೆ ಫೋಟೊದ ಹುಚ್ಚು. ವಾರಕ್ಕೊಮ್ಮೆ ಮೂಡಲಗಿಗೆ ಹೋಗಿ ಬಂದವರೇ ತೋರಿಸುವರು. “ನೋಡೋ, ಕಸ್ತೂರಿ ಗಿಡ ಕ್ಯಾಲೆಂಡರ್ ಮುಟ್ಟೇತಿ.” ಮತ್ತೊಂದು ತಿಂಗಳಿಗೆ, “ದಾಟೇತಿ.”

ಉಮೇಶ “ಚಲೋ ಐತ್ರಿ” ಎನ್ನುತ್ತ, ಫೋಟೊ ದೊಡ್ಡದು ಮಾಡಿ, ಎಲ್ಲಾದರೂ ಒಂದು ಹಳದಿ ಎಲೆ ಸಿಕ್ಕೀತೇ ಎಂದು ಹುಡುಕುತ್ತಿದ್ದ. ಒಮ್ಮೆ ಸಿಕ್ಕಿತು. ಅವತ್ತು ಎರಡು ರೊಟ್ಟಿ ಹೆಚ್ಚು ತಿಂದ.

ಅವನು ನಾಗನೂರಿನ ಕುರಿಗಾರರ ಮನೆಯವನು. ಅಪ್ಪ ಬೀರಸಿದ್ದಪ್ಪ ಹಿಂಡನ್ನು ಒಂದೇ ಹೊಲದಲ್ಲಿ ಹೆಚ್ಚು ದಿನ ನಿಲ್ಲಿಸಿದವನಲ್ಲ. ಜಾಗ ಬದಲಾದರೆ ಕುರಿಗೂ ಸುಖ, ಹೊಲಕ್ಕೂ ಸುಖ. ಆ ಬುದ್ಧಿಯನ್ನೇ ಮಗ ಗಿಡದ ಮೇಲೆ ನಡೆಸಿದ. ಬೆಳಿಗ್ಗೆ ಕಿಟಕಿಯ ಬಿಸಿಲಿಗೆ, ಮಧ್ಯಾಹ್ನ ಫ್ಯಾನಿನ ಕೆಳಗೆ, ಸಂಜೆ ಬಾಗಿಲ ಗಾಳಿಗೆ ಕುಂಡವನ್ನು ಎಳೆದ. ಎಲೆ ಉದುರಿದಷ್ಟೂ ಇನ್ನಷ್ಟು ಎಳೆದ. ಹಿಂಡಿನ ಹಸಿ ಹಿಕ್ಕೆಯನ್ನೂ ತಂದು ಸುರಿದ. ಬಾಯಿ ತೆರೆಯಲು ಬಂದವರು ಮೂಗು ಮುಚ್ಚಿಕೊಂಡು ಕೂರುವಂತಾದಾಗ ಡಾಕ್ಟರು ಅದನ್ನು ತೆಗೆಸಿದರು.

“ತಮ್ಮಾ, ಹೋದ ಸಲ ಈ ಗಿಡ ಆ ಮೂಲ್ಯಾಗಿತ್ತು,” ಎಂದಳು ದವಡೆ ಹಿಡಿದು ಕುಳಿತ ಪದ್ಮವ್ವ. “ನಾನ ತಪ್ಪಿ ಬ್ಯಾರೆ ದವಾಖಾನಿಗೆ ಬಂದೆ ಅನ್ಕೊಂಡೆ.”

“ಹವಾ ಬದಲಾಗಲಿ ಅಂತ್ರಿ ಆಯಿ.”

“ಹವಾ ಬದಲಾಗಿ ಬೋಳ ಆಗೇತಲ್ಲೋ.”

ಆ ಸೋಮವಾರ ಡಾಕ್ಟರೂ ಅದನ್ನೇ ನೋಡಿದರು. “ಇರ್ಲಿ ಬಿಡು ಉಮೇಶಾ. ಶುಕ್ರವಾರ ಇದನ್ನ ಗಾಡ್ಯಾಗ ಹಾಕ್ಕೊಂಡ ಮೂಡಲಗಿಗೆ ಒಯ್ತೇನಿ. ಕಸ್ತೂರಿ ಕೈಯಾಗ ಚಿಗತೀತು.”

ಅಪ್ಪನ ಕುರಿ ತಂಗಿ ಹೋದ ಹೊಲಗಳಲ್ಲಿ ಕಬ್ಬು ಆಳೆತ್ತರ ಬೆಳೆಯುತ್ತದೆ. ಮಗ ಸಾಕಿದ ಒಂದೇ ಒಂದು ಗಿಡ, ಅದೂ ಕಸ್ತೂರಿಯ ಪಾಲಿಗೆ. ಹಲ್ಲು ನೋವಿಗಾದರೆ ಡಾಕ್ಟರರ ಬಳಿ ಇಂಜೆಕ್ಷನ್ ಇತ್ತು.

ಬುಧವಾರ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದ. ಅವಳ ಗುಟ್ಟು ತಿಳಿಯಲೇಬೇಕಿತ್ತು. ಕೆನ್ನೆಗೆ ಕೈ ಒತ್ತಿಕೊಂಡು ರೋಗಿಯಂತೆ ಮೂಡಲಗಿಯ ದವಾಖಾನೆಗೆ ಹೊಕ್ಕ. ಗಿಡ ಅವನಿಗಿಂತ ಎತ್ತರವಿತ್ತು.

“ಹೆಸರೇನ್ರಿ?” ಎಂದಳು ಕಸ್ತೂರಿ.

“ಉ... ಶಿವಕುಮಾರ.”

“ಡಾಕ್ಟರ್ ಶುಕ್ರವಾರ ಬರ್ತಾರ್ರಿ. ಬರುವಾಗ ಎಡಗಡೆ ಕೈ ಇತ್ತು, ಈಗ ಬಲಗಡೆ ನೋವೇನ್ರಿ?”

“ಓಡ್ಯಾಡ್ತೈತ್ರಿ.” ತಡೆದು ಕೇಳಿದ, “ಗಿಡಕ್ಕ ಏನ ಹಾಕ್ತೀರಿ?”

“ಮಣ್ಣ ಒಣಗಿದ್ರ ನೀರ, ಅಷ್ಟ. ತಂದ ಹೊಸದರಾಗ ಒಮ್ಮೆ ಆ ಕಡೆ ಸರಿಸಿದ್ದೆ. ಸಿಟ್ಟಿಗೆದ್ದು ಎಲಿ ಎಲ್ಲಾ ಉದುರಿಸ್ತು. ತಿರುಗಿ ಇಲ್ಲೇ ಇಟ್ಟಾಕಿ ಮತ್ತ ಮುಟ್ಟಿಲ್ಲ.” ಕುಂಡದ ಸುತ್ತ ನೆಲದಲ್ಲಿ ಎರಡು ವರ್ಷದ ಕಪ್ಪು ಕಲೆ ಬಳೆಯಂತೆ ಕೂತಿತ್ತು. ಅವಳು ಚೀಟಿಯಿಂದ ತಲೆ ಎತ್ತದೆ ಮುಂದುವರಿಸಿದಳು, “ನೀವೂ ಹಂಗ ಬಿಟ್ಟು ನೋಡ್ರಿ ಉಮೇಶಣ್ಣಾ. ಡಾಕ್ಟರ್ ನಮಗೂ ಫೋಟೊ ತೋರಸ್ತಾರ. ಗಿಡದ ಬಾಜೂ ನೀವ ನಿಂತಿರ್ತೀರಿ. ಗಿಡ ಮಾತ್ರ ಒಂದೊಂದು ಫೋಟೊದಾಗ ಒಂದೊಂದು ಕಡೆ.”

ಬಸ್ಸಿನಲ್ಲಿ ಮರಳುವಾಗ ಅವನಿಗೆ ಸಂಕಟವಾದದ್ದು ಸಿಕ್ಕಿಬಿದ್ದದ್ದಕ್ಕಲ್ಲ. ಅವಳು ಗುಟ್ಟು ಮುಚ್ಚಿಟ್ಟಿದ್ದರೆ ನೆಮ್ಮದಿಯಿಂದ ಹೊಟ್ಟೆ ಉರಿಸಿಕೊಳ್ಳಬಹುದಿತ್ತು.

ಶುಕ್ರವಾರ ಡಾಕ್ಟರು ಕುಂಡಕ್ಕೆ ಕೈ ಹಾಕಿದಾಗ ಉಮೇಶ ಅಡ್ಡ ನಿಂತ. “ಒಯ್ಯಬ್ಯಾಡ್ರಿ ಸರ್. ಜಾಗ ಬದಲಾದ್ರ ಇದ್ದ ಎಲಿನೂ ಉದುರ್ತಾವು.”

“ಯಾರ ಹೇಳಿದ್ರು?”

ಮೊಬೈಲಿನಲ್ಲಿ ಓದಿದೆ ಎನ್ನುವ ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಆದರೆ ಗಿಡವನ್ನು ಬೋಳಿಸಿದವನ ಓದನ್ನು ಯಾರು ನಂಬುತ್ತಾರೆ?

“ಕಸ್ತೂರಿ ಹೇಳ್ಯಾರ್ರಿ.”

ಡಾಕ್ಟರು ತಕ್ಷಣ ಕೈ ಬಿಟ್ಟರು. “ಆಕಿ ಹೇಳಿದ್ರ ಖರೆ ಇರಬೇಕು.”

ಹಲ್ಲನ್ನು ಇಂಜೆಕ್ಷನ್ ಇಲ್ಲದೆ ಕಿತ್ತಂತಾಯಿತು. ಆದರೆ ಗಿಡ ಉಳಿಯಿತು. ಉಮೇಶ ಕುಂಡದ ಸುತ್ತ ಸೀಮೆಸುಣ್ಣದ ಗೆರೆ ಎಳೆದು, ತುರಿಸುವ ಕೈಗಳನ್ನು ಬಗಲಲ್ಲಿ ಸಿಕ್ಕಿಸಿಕೊಂಡು ಕೂತ. ಏಳನೆಯ ವಾರ ತುದಿಯಲ್ಲಿ ಎರಡು ಎಳೆಯ ಎಲೆ ಬಿಚ್ಚಿಕೊಂಡವು. ಡಾಕ್ಟರನ್ನು ಕರೆದು ಫೋಟೊ ತೆಗೆಸಿದ. “ಮೂಡಲಗ್ಯಾಗ ಮರೀದ ತೋರಸ್ರಿ.”

ಅವರು ಸಂಜೆ ಮರಳಿದರು. “ತೋರಿಸ್ದೆ. ಭಾಳ ಖುಷಿ ಆದ್ಲು. ಆಕಿ ಗಿಡ ಛತ್ತ ಮುಟ್ಟಾಕ ಗೇಣ ಉಳದೈತಿ.”

ಉಮೇಶ ತಲೆ ಎತ್ತಿ ನೋಡಿದ. ಇಲ್ಲಿಯ ಚಾವಣಿ ಮೂಡಲಗಿಯದಕ್ಕಿಂತ ಎರಡು ಗೇಣು ಎತ್ತರವಿತ್ತು. ಸದ್ಯಕ್ಕೆ ಅಷ್ಟರ ಮಟ್ಟಿಗೆ ಗೋಕಾಕ ಮುಂದಿತ್ತು.