ಮೇಲಿನ ಮನೆಯ ತಕರಾರು

ನಮ್ಮ ಲೇಔಟಿನ ಜನ ಒಗ್ಗಟ್ಟಾಗಿದ್ದನ್ನು ನಾನು ಒಂದೇ ಸಲ ನೋಡಿದ್ದೇನೆ. ಕಸದ ಗಾಡಿ ಬಾರದಿದ್ದಾಗ ಅಲ್ಲ, ಬೀದಿ ದೀಪ ಕೆಟ್ಟಾಗ ಅಲ್ಲ, ಚರಂಡಿ ಉಕ್ಕಿ ಹನುಮಪ್ಪನ ಗುಡಿಯ ಮೆಟ್ಟಿಲಿಗೆ ಬಂದಾಗಲೂ ಅಲ್ಲ. ನಮ್ಮ ಮೂಲೆಯ ಖಾಲಿ ಜಾಗದಲ್ಲಿ ಐದಂತಸ್ತಿನ ಅಪಾರ್ಟ್‌ಮೆಂಟ್ ಏಳುತ್ತದೆ ಎಂಬ ಸುದ್ದಿ ಬಂದಾಗ. ಗೋಳಗುಮ್ಮಟದ ಊರಲ್ಲಿ ಹುಟ್ಟಿ ಬೆಳೆದವರು ಐದಂತಸ್ತಿಗೆ ಹೆದರಿದ್ದರು.

ವಿಜಯಪುರದ ಅಥಣಿ ರಸ್ತೆಗೆ ಹೊಂದಿಕೊಂಡ ಲೇಔಟ್ ನಮ್ಮದು. ಜಲನಗರದಲ್ಲಿ ಬಾಡಿಗೆ ಮನೆ ಬದಲಿಸಿ ಬದಲಿಸಿ ಸಾಕಾಗಿ, ನಾನು ಹೈಸ್ಕೂಲಿನಿಂದ, ಯಜಮಾನರು ಬ್ಯಾಂಕಿನಿಂದ ನಿವೃತ್ತರಾಗುವ ಹೊತ್ತಿಗೆ ಇಲ್ಲೊಂದು ಮನೆ ಕಟ್ಟಿಸಿದೆವು. ಯಜಮಾನರು ಇಲ್ಲಿನ ಸಂಘದ ಕಾರ್ಯದರ್ಶಿ. ಅಂದರೆ ಅಧ್ಯಕ್ಷರು ಹೇಳಿದ್ದಕ್ಕೆಲ್ಲ ಹೂಂ ಎನ್ನುವ ಹುದ್ದೆ. ಅಧ್ಯಕ್ಷರು ನಿವೃತ್ತ ಎಂಜಿನಿಯರ್ ಸಾಹೇಬರು. ಅರಕೇರಿಯಲ್ಲಿ ಹೊಲ, ಇಲ್ಲಿ ಮೂರಂತಸ್ತಿನ ಮನೆ, ಬಾಗಿಲ ಮುಂದೆ ಸಿಮೆಂಟಿನ ದೊಡ್ಡ ಬುದ್ಧ. ಬುದ್ಧನ ಸುತ್ತ ಕಾರಂಜಿ ಮಾಡಿಸಿದ್ದರು. ನಳಕ್ಕೆ ನೀರು ಬಂದ ದಿನ ಮಾತ್ರ ಅದು ಹಾರುತ್ತಿತ್ತು.

ಊರಿನ ಬೆಳವಣಿಗೆಯ ನಕ್ಷೆ ಬರೆಯುವ ಕಚೇರಿಯವರು ಅಥಣಿ ರಸ್ತೆಯ ಎರಡೂ ಬದಿಗೆ ಎತ್ತರದ ವಸತಿ ಕಟ್ಟಡಗಳಿಗೆ ಅವಕಾಶ ಕೊಡುವುದಾಗಿ ಪ್ರಕಟಿಸಿ, ತಕರಾರು ಇದ್ದವರು ತಿಳಿಸಿ ಎಂದಿದ್ದರು. ನಮ್ಮಲ್ಲಿ ತಕರಾರು ಕೇಳಿದರೆ ಸಾಕು, ಉಪವಾಸವಿದ್ದವರನ್ನು ಊಟಕ್ಕೆ ಕರೆದಂತೆ. ಗುಡಿಯ ಹಾಲ್‌ನಲ್ಲಿ ಸಭೆ ಸೇರಿತು. ಚೂಡಾ, ಚಹಾ ಬಂತು. ಎಂಜಿನಿಯರ್ ಸಾಹೇಬರು ಎದ್ದು ನಿಂತರು.

"ನಮ್ಮದು ಫ್ಯಾಮಿಲಿ ಏರಿಯಾ ಐತ್ರಿ. ಒಂದು ಪ್ಲಾಟು, ಒಂದು ಮನಿ, ಒಂದು ಕುಟುಂಬ. ಅಪಾರ್ಟ್‌ಮೆಂಟ್ ಆತಂದ್ರ ಯಾರ್ಯಾರೋ ಬರತಾರ."

ಎಲ್ಲರೂ ಗೋಣು ಹಾಕಿದರು. ಒಂದು ಕುಟುಂಬ ಎಂದು ಬೆರಳೆತ್ತಿದ ಈ ಸಾಹೇಬರ ತಲೆಯ ಮೇಲೆ ಎರಡು ಬಾಡಿಗೆ ಕುಟುಂಬಗಳಿದ್ದವು, ಅವರ ಮೇಲೆ ಕಾಲೇಜು ಹುಡುಗರ ಒಂದು ರೂಮಿತ್ತು. ಗೋಣು ಹಾಕಿದವರ ಮನೆಗಳ ಕಥೆಯೂ ಅದೇ. ಅವರಲ್ಲಿ ಒಬ್ಬರೂ ಸುಳ್ಳು ಹೇಳುತ್ತಿದ್ದೇವೆ ಎಂದುಕೊಂಡಿರಲಿಲ್ಲ. ನಮ್ಮ ಲೇಔಟಿನಲ್ಲಿ ಕೆಳಗಿರುವುದು ಮನೆ. ಮೇಲಿರುವುದು 'ಮ್ಯಾಲಿನ ಮನಿ', ಅದು ಲೆಕ್ಕಕ್ಕಿಲ್ಲ.

ಸಾಹೇಬರ ಹೆಂಡತಿಯ ಚಿಂತೆ ಬೇರೆ. "ಬ್ಯಾಸಗ್ಯಾಗ ನಾವೆಲ್ಲಾ ಮಾಳಗಿ ಮ್ಯಾಲ ಮಕ್ಕೋತೀವಿ. ಅವರು ಐದನೇ ಅಂತಸ್ತಿನ್ಯಾಗ ನಿಂತು ನಮ್ಮನ್ನ ನೋಡಕೋತ ಇರಬೇಕೇನು?"

ಆಕೆಯ ನಿದ್ದೆಯಲ್ಲಿ ನೋಡುವಂಥದ್ದು ಏನಿದೆಯೋ ನನಗೆ ಹೊಳೆಯಲಿಲ್ಲ. ನಾನು ಬಬಲೇಶ್ವರದವಳು, ಬಾಯಿ ಸುಮ್ಮನಿರುವುದಿಲ್ಲ. "ಯಾರ್ಯಾರೋ ಬರತಾರ ಅಂದ್ರಲ್ರಿ, ಯಾರು ಅಂತ ಹೇಳ್ರಿ" ಎಂದೆ.

"ನಿಮಗ ತಿಳಿಯೂದಿಲ್ಲೇನ್ರಿ ಅಕ್ಕೋರ?" ಎಂದು ಸಾಹೇಬರು ನಕ್ಕರು. "ಹೆಂತಾ ಮಂದಿನೋ ಏನೋ!"

ತಿಳಿದಿತ್ತು. ಆ 'ಹೆಂತಾ ಮಂದಿ' ನನ್ನ ಮೇಲಿನ ಮನೆಯಲ್ಲೇ ಇದ್ದರು.

ಟಿಕೋಟಾ ಕಡೆಯ ತಾಯಿ, ಮಗಳು. ಮಗಳು ಜಲನಗರದ ದವಾಖಾನೆಯೊಂದರಲ್ಲಿ ರಕ್ತ ತಪಾಸಣೆ ಮಾಡುವ ಕೆಲಸದಲ್ಲಿದ್ದಳು. ಮನೆ ಹುಡುಕಿಕೊಂಡು ಬಂದ ದಿನ ಇಬ್ಬರ ಮುಖವೂ ಬಾಡಿತ್ತು. ನಮ್ಮ ಕಡೆ ಜಾತಿ ಕೇಳುವುದು ಅಸಭ್ಯ, ಆದ್ದರಿಂದ ಯಾರೂ ಕೇಳುವುದಿಲ್ಲ. ಅಡ್ಡಹೆಸರು, ಅಂದರೆ ಮನೆತನದ ಹೆಸರು, ಕೇಳುತ್ತಾರೆ. ಅದರಲ್ಲೂ ತಿಳಿಯದಿದ್ದರೆ ಮನೆದೇವರು ಯಾರು ಎನ್ನುತ್ತಾರೆ. ಉತ್ತರ ಸಿಕ್ಕ ಕೂಡಲೇ ಮಗಳ ಮದುವೆ ಇದೆ, ಮೇಲಿನ ಮನೆ ನಮಗೇ ಬೇಕು ಎಂದು ನೆನಪಾಗುತ್ತದೆ. ಮಗಳೇ ಇಲ್ಲದವರಿಗೂ ಮದುವೆ ನೆನಪಾದದ್ದುಂಟು. ನಮ್ಮ ಯಜಮಾನರು ಬಾಯಿ ತೆರೆಯುವ ಮೊದಲೇ ನಾನು ಕೀಲಿಕೈ ಕೊಟ್ಟುಬಿಟ್ಟೆ. ಆಮೇಲೆ ವಿಷಯ ತಿಳಿದ ಯಜಮಾನರು ಎರಡು ದಿನ ಮುಖ ಊದಿಸಿಕೊಂಡು, ಕೊನೆಗೆ "ಇರ್ಲಿ, ಆದ್ರ ಬಾಗಲಕ್ಕ ಹೆಸರಿನ ಬೋರ್ಡ್ ಬ್ಯಾಡ" ಎಂದು ತಮ್ಮ ಔದಾರ್ಯ ಮೆರೆದರು.

ಬೋರ್ಡ್ ಇಲ್ಲದ್ದರಿಂದ ಯಾರಿಗೂ ತಿಳಿಯಲಿಲ್ಲ. ಅವರ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು, ದಿನಾ ಅದರ ಮುಂದೆ ದೀಪ ಹಚ್ಚುತ್ತಿದ್ದರು. ಒಮ್ಮೆ ಎಂಜಿನಿಯರ್ ಸಾಹೇಬರ ಹೆಂಡತಿ ಅದನ್ನು ನೋಡಿ, "ನಮ್ಮಲ್ಲೂ ಐತ್ರಿ. ಶೋಗೆ ಇಟ್ರ ಭಾಳ ಚಲೋ ಕಾಣತೈತಿ" ಎಂದಿದ್ದರು. ಕಾರಂಜಿಯ ನಡುವೆ ಕೂತ ಬುದ್ಧನಿಗೆ ಮಂದಿ ಇದ್ದಾರೆ ಎಂಬುದು ಆಕೆಗೆ ಹೊಳೆದಿರಲೇ ಇಲ್ಲ.

ಮಗಳ ಕಣ್ಣು ಆ ಏಳಬೇಕಾದ ಅಪಾರ್ಟ್‌ಮೆಂಟಿನ ಮೇಲಿತ್ತು. ಮೂರನೆಯ ಅಂತಸ್ತಿನ ಒಂದು ಚಿಕ್ಕ ಫ್ಲಾಟ್. ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹೇಳಿದ್ದಳು: "ಬಿಲ್ಡರ್ ಕಡೆಯವರು ಆಧಾರ್ ಕಾರ್ಡ್ ಕೇಳ್ಯಾರ, ಪಗಾರದ ಚೀಟಿ ಕೇಳ್ಯಾರ. ಮನಿ ದೇವ್ರು ಯಾರಂತ ಕೇಳಿಲ್ರಿ ಅಕ್ಕೋರ. ಬಾಗಲಕ್ಕ ನಮ್ಮ ಅಡ್ಡಹೆಸರು ಬರಸಬೇಕು, ಅಷ್ಟ."

ಸಂಘದ ಅರ್ಜಿ ಗೆದ್ದರೆ ಆ ಬಾಗಿಲು ಹುಟ್ಟುತ್ತಲೇ ಇರಲಿಲ್ಲ.

ಅರ್ಜಿ ಹೋಯಿತು. 'ಒಂದು ಪ್ಲಾಟಿಗೆ ಒಂದೇ ಕುಟುಂಬ ವಾಸಿಸುವ ಈ ಶಾಂತ ಬಡಾವಣೆ' ಎಂದು ಸಾಹೇಬರೇ ಬರೆದಿದ್ದರು. ಕಚೇರಿಯವರು ಬಹಳ ವಿನಯದಿಂದ ಉತ್ತರಿಸಿದರು: ಹಾಗಾದರೆ ನಮ್ಮ ಅಧಿಕಾರಿ ಬಂದು ಕಣ್ಣಾರೆ ನೋಡಿ ವರದಿ ಕೊಡುತ್ತಾರೆ. ಲೇಔಟಿಗೆ ಚಳಿ ಹಿಡಿಯಿತು. ಆದರೆ ಅಧಿಕಾರಿ ಬರುವ ದಿನ ನೋಡಿ ಸಾಹೇಬರ ಮುಖ ಅರಳಿತು. ಮೈಸೂರು ಸೀಮೆಯ ಆ ಮನುಷ್ಯ, ಗೊತ್ತಿಲ್ಲದೆ, ಎಳ್ಳಮಾವಾಸ್ಯೆಯ ದಿನವನ್ನೇ ಆರಿಸಿದ್ದ.

ಎಳ್ಳಮಾವಾಸ್ಯೆಯ ದಿನ ನಮ್ಮಲ್ಲಿ ಮನೆಯಲ್ಲಿ ಊಟ ಮಾಡುವವರು ಅಪರೂಪ. ಹೊಲ ಇದ್ದವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಉಣ್ಣುತ್ತಾರೆ. ಇಲ್ಲದವರನ್ನು ಇದ್ದವರು ಕರೆಯುತ್ತಾರೆ. ಬಾಡಿಗೆಯವರನ್ನು ಮಾತ್ರ ನಮ್ಮ ಲೇಔಟಿನಲ್ಲಿ ಯಾರೂ ಕರೆದದ್ದಿರಲಿಲ್ಲ. ಆ ವರ್ಷ ಸಾಹೇಬರು ಮೆಟ್ಟಿಲು ಹತ್ತಿ ಹತ್ತಿ ಕರೆದರು. ಎಲ್ಲ ಮೇಲಿನ ಮನೆಯವರೂ ಅರಕೇರಿಯ ಅವರ ಹೊಲಕ್ಕೆ ಊಟಕ್ಕೆ ಬರಬೇಕು, ಬಾಗಿಲಿಗೆ ಕೀಲಿ ಹಾಕಿಕೊಂಡು ಬರಬೇಕು. ಅಧಿಕಾರಿ ಕೇಳಿದರೆ ಮೇಲಿರುವುದು ಹಳೆಯ ಸಾಮಾನಿನ ಕೋಣೆ.

ಮಗಳಿಗೆ ದವಾಖಾನೆಯಲ್ಲಿ ಪಾಳಿ ಇತ್ತು. ತಾಯಿಯನ್ನು ಕರೆಯಲು ನಮ್ಮ ಯಜಮಾನರು ಹೋದಾಗ ಆಕೆ ಜೋಳ ಹಸನು ಮಾಡುತ್ತಿದ್ದರು.

"ನಾ ಒಲ್ಲೆರಿ" ಎಂದರು. "ಸಣ್ಣಾಕಿ ಇದ್ದಾಗ ಎಳ್ಳಮಾಸಿಗೆ ಭಾಳ ಸಲ ಹೋಗೇನ್ರಿ. ಎಲ್ಲಾರದೂ ಊಟ ಆದ ಮ್ಯಾಲ ನಮ್ಮನ್ನ ದೂರ ಬದುವಿನ ಮ್ಯಾಲ ಕುಂದರಿಸಿ, ಮ್ಯಾಲಿಂದ ನೀಡತಿದ್ರು. ಆ ಹೋಳಿಗಿ ರುಚಿ ಇನ್ನೂ ಬಾಯಾಗ ಐತಿ. ಈಗ ಮತ್ತ ಬ್ಯಾಡ್ರಿ."

"ಹಂಗಾರ ಬಾಗಲಾ ಹಾಕ್ಕೊಂಡು ಒಳಗ ಇರ್ರಿ, ಸಪ್ಪಳ ಮಾಡಬ್ಯಾಡ್ರಿ" ಎಂದು ಯಜಮಾನರು ಕೆಳಗಿಳಿದು ಬಂದರು. ನನಗೆ ಮೈ ಉರಿದುಹೋಯಿತು. ತಿಂಗಳ ಬಾಡಿಗೆ ಎಣಿಸಿಕೊಳ್ಳುವವರು, ಬಾಡಿಗೆ ಕೊಟ್ಟವರಿಗೆ ಉಸಿರು ಬಿಗಿ ಹಿಡಿಯಿರಿ ಎಂದು ಹೇಳಿ ಬಂದಿದ್ದರು. "ನಿಮಗ ನಾಚಿಕಿ ಬರೂದಿಲ್ಲೇನ್ರಿ?" ಎಂದೆ. "ನಾ ಕಾರ್ಯದರ್ಶಿ ಅದೀನಿ" ಎಂದರು, ಅದೇ ಉತ್ತರ ಎಂಬಂತೆ.

ಅಮಾವಾಸ್ಯೆಯ ಬೆಳಿಗ್ಗೆ ಎರಡು ಟ್ರ್ಯಾಕ್ಟರ್ ಟ್ರೇಲರ್ ತುಂಬ ಬಾಡಿಗೆಯವರು ಅರಕೇರಿಯ ಕಡೆ ಹೊರಟರು. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆ ಎಲ್ಲ ಬುಟ್ಟಿಗಳಲ್ಲಿ ಮುಂದೆ ಹೋಗಿದ್ದವು. ಪಾಪ, ಆ ಕಾಲೇಜು ಹುಡುಗರು ಮಾಲೀಕರ ಮನಸ್ಸು ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ ಎನ್ನುತ್ತಾ ಟ್ರೇಲರ್ ಏರಿದರು. ಸಾಹೇಬರು, ನಮ್ಮ ಯಜಮಾನರು ಉಸ್ತುವಾರಿಗೆ ಅವರ ಜೊತೆ ಹೋದರು. ಅಧಿಕಾರಿಯನ್ನು ಎದುರುಗೊಳ್ಳಲು ಹೆಂಗಸರನ್ನು ಬಿಟ್ಟರು. ಹೆಂಗಸರು ಹೆಚ್ಚು ಮಾತಾಡುವುದಿಲ್ಲ ಎಂದು ಸಾಹೇಬರು ಹೇಗೆ ನಂಬಿದರೋ!

ಅಧಿಕಾರಿ ಸಣ್ಣ ವಯಸ್ಸಿನವನು, ಮೃದು ಮಾತಿನವನು. "ಏನ್ ಮೇಡಂ, ಇಡೀ ಏರಿಯಾ ಖಾಲಿ ಇದೆಯಲ್ಲ?" ಎಂದು ನಮ್ಮ ಗೇಟಿನಲ್ಲಿ ನಿಂತ.

"ಇವತ್ತು ಎಳ್ಳಮಾಸ್ರಿ, ಎಲ್ಲಾರೂ ಹೊಲಕ್ಕ ಹೋಗ್ಯಾರ."

ನಾಲ್ಕು ಮನೆಯಲ್ಲಿ ಹಳೆಯ ಸಾಮಾನಿನ ಕೋಣೆಯ ಕಥೆ ಕೇಳಿ ಬಂದಿದ್ದ ಅವನು, ಮಾಳಿಗೆಯಿಂದ ಒಮ್ಮೆ ಸುತ್ತಲೂ ನೋಡಬಹುದೇ ಎಂದು ಕೇಳಿದ. ಸಂಘದ ಆಜ್ಞೆ ನೆನಪಿತ್ತು. ನೆನಪಿದ್ದದ್ದಕ್ಕೇ ಬೇಗ ಬೇಗ ಮೆಟ್ಟಿಲು ತೋರಿಸಿದೆ.

ಮಾಳಿಗೆಯ ಮೇಲೆ ನಿಂತು ನೋಡಿದ ಅವನು ಮೊದಲು ನಕ್ಕ. ನಾನೂ ನೋಡಿದೆ. ಇಷ್ಟು ವರ್ಷ ಕಣ್ಣೆದುರಿಗೇ ಇದ್ದದ್ದು ನನಗೂ ಆಗಲೇ ಕಂಡಿತು. ನಮ್ಮ ಊರಲ್ಲಿ ನಳಕ್ಕೆ ದಿನಾ ನೀರು ಬರುವುದಿಲ್ಲ, ಬಂದಾಗ ತುಂಬಿಟ್ಟುಕೊಳ್ಳಬೇಕು. ಬಾಡಿಗೆಯವರು ತಮ್ಮ ನೀರು ಖರ್ಚು ಮಾಡಿಬಿಟ್ಟಾರು ಎಂದು ಮಾಲೀಕರು ಮೇಲಿನ ಪ್ರತಿ ಕುಟುಂಬಕ್ಕೂ ಬೇರೆ ಬೇರೆ ಟಾಕಿ ಇಡಿಸಿರುತ್ತಾರೆ. ಜಗಳ ಬೇಡವೆಂದು ಅದರ ಮೇಲೆ ಬಣ್ಣದಲ್ಲಿ ಬರೆಸಿಯೂ ಇರುತ್ತಾರೆ. ಸಾಲಾಗಿ ಕರಿ ಟಾಕಿಗಳು ಬಿಸಿಲಲ್ಲಿ ಹೊಳೆಯುತ್ತಿದ್ದವು. ಸಾಹೇಬರ ಮಾಳಿಗೆ ಎಲ್ಲಕ್ಕಿಂತ ಅಚ್ಚುಕಟ್ಟು: 'ಮಾಲಕರು', 'ಮೇಲಿನ ಮನೆ, ಬಲ', 'ಮೇಲಿನ ಮನೆ, ಎಡ', 'ಹುಡುಗರು'. ಎಂಜಿನಿಯರ್ ಅಲ್ಲವೇ, ಅಕ್ಷರಗಳೂ ಅಳತೆಗೆ ಸರಿಯಾಗಿದ್ದವು. ಮಂದಿಯನ್ನು ಅರಕೇರಿಗೆ ಸಾಗಿಸಿದವರಿಗೆ ಟಾಕಿಗಳು ನೆನಪಾಗಿರಲಿಲ್ಲ.

"ಒಂದೇ ಕುಟುಂಬಕ್ಕೆ ತುಂಬಾ ಬಾಯಾರಿಕೆ ಅಲ್ವಾ ಮೇಡಂ?" ಎಂದ.

ಅಷ್ಟರಲ್ಲಿ ನಮ್ಮ ಮೇಲಿನ ಮನೆಯ ಬಾಗಿಲು ತೆರೆಯಿತು. ತಾಯಿ ಚಹಾದ ಕಪ್ಪು ಹಿಡಿದು ಮಾಳಿಗೆಗೆ ಹತ್ತಿ ಬಂದರು. "ಬಿಸಲಾಗ ನಿಂತೀರಿ, ತಗೋರಿ ಸಾಹೇಬ್ರ" ಎಂದರು. ನೀವು ಯಾರು, ಎಷ್ಟು ವರ್ಷದಿಂದ ಇದ್ದೀರಿ ಎಂದು ಅವನು ಕೇಳಿದ. ಆಕೆ ತಮ್ಮ ಹೆಸರು, ಗಂಡನ ಹೆಸರು, ಅಡ್ಡಹೆಸರು ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳಿದರು, ಪಕ್ಕದ ಮಾಳಿಗೆಯಲ್ಲಿ ಶಂಡಿಗೆ ಕಾಯುವ ನೆಪದಲ್ಲಿ ನಿಂತಿದ್ದ ಎಂಜಿನಿಯರ್ ಸಾಹೇಬರ ಹೆಂಡತಿಗೆ ಕೇಳುವಷ್ಟು ಗಟ್ಟಿಯಾಗಿ. ನನಗೆ ಆ ಕ್ಷಣ ಆಕೆಯನ್ನು ಅಪ್ಪಿಕೊಳ್ಳಬೇಕು ಅನಿಸಿತ್ತು. ಚಹಾ ಚೆಲ್ಲೀತೆಂದು ಸುಮ್ಮನಾದೆ.

ವರದಿ ಹೋಯಿತು. ಇಲ್ಲಿ ಒಂದೊಂದು ಮನೆಯಲ್ಲೂ ಈಗಾಗಲೇ ಹಲವು ಕುಟುಂಬಗಳಿರುವುದರಿಂದ ತಕರಾರಿನಲ್ಲಿ ಹುರುಳಿಲ್ಲ ಎಂದು ಅರ್ಜಿ ವಜಾ ಆಯಿತು. ಸಂಘದವರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಮೇಲಿನವರನ್ನು ಬಿಡಿಸಿದರೆ ಎಲ್ಲ ಮೊದಲಿನಂತಾಗುತ್ತದೆ ಎಂದು ನಮ್ಮ ಯಜಮಾನರಿಗೆ ಯಾರೋ ಸೂಚಿಸಿದರಂತೆ. ಬಿಡಿಸುವುದಾದರೆ ಕೆಳಗಿನವರಲ್ಲಿ ಒಬ್ಬರನ್ನು ಬಿಡಿಸುತ್ತೇನೆ ಎಂದು ನಾನು ಯಜಮಾನರಿಗೆ ತಿಳಿಸಿದೆ. ಅವರು ಕಾರ್ಯದರ್ಶಿ ಹುದ್ದೆ ಬಿಟ್ಟರು.

ಕಟ್ಟಡ ಎದ್ದಿತು. ಮೂರನೆಯ ಅಂತಸ್ತಿನ ಒಂದು ಬಾಗಿಲಿನ ಮೇಲೆ ಹಿತ್ತಾಳೆಯ ಬೋರ್ಡ್ ಬಂತು, ಅಡ್ಡಹೆಸರು ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ. ಬುದ್ಧನ ಫೋಟೋದ ಮುಂದೆ ವಂದನೆ ಹೇಳಿ, ತಾಯಿ ಮಗಳು ಲೇಔಟಿನ ಎಲ್ಲರನ್ನೂ ಊಟಕ್ಕೆ ಕರೆದರು. ಹೆಚ್ಚಿನವರಿಗೆ ಅಂದೇ ಮದುವೆ, ಮುಂಜಿ ಬಂದವು. ನನ್ನನ್ನು ಬಿಟ್ಟರೆ ಎಂಜಿನಿಯರ್ ಸಾಹೇಬರು ಮಾತ್ರ ಬಂದರು. ಊಟಕ್ಕಲ್ಲ, ಲಿಫ್ಟ್ ನೋಡಲು. ಮೊಣಕಾಲು ಹಿಡಿದಿದ್ದವು. ತಮ್ಮ ಮನೆಯನ್ನು ಪೂರ್ತಿ ಬಾಡಿಗೆಗೆ ಬಿಟ್ಟು ತಾವು ಇಲ್ಲಿಗೆ ಬರುವ ವಿಚಾರವಿತ್ತು. ಯಾರ್ಯಾರೋ ಬರುತ್ತಾರೆ ಎಂದಿದ್ದರಲ್ಲ, ಬಂದೇಬಿಟ್ಟಿದ್ದರು.

ನೀರಿನ ಲೋಟ ಮುಟ್ಟದೆ, ಕುರ್ಚಿಯ ತುದಿಯಲ್ಲಿ ಕೂತು ತಾಯಿಯನ್ನು ಕೇಳಿದರು: "ಕೆಳಗಿನ ಅಂತಸ್ತಿನ್ಯಾಗ ಒಂದು ಫ್ಲಾಟ್ ಖಾಲಿ ಐತಂತಲ್ರಿ? ಬಂದ್ರ ಹೆಂಗಾಗತೈತಿ?"

ತಾಯಿ ಸೆರಗು ಸರಿ ಮಾಡಿಕೊಂಡು, ಬಹಳ ಮರ್ಯಾದೆಯಿಂದ ಕೇಳಿದರು: "ನಿಮ್ಮ ಅಡ್ಡಹೆಸರೇನ್ರಿ ಸಾಹೇಬ್ರ?"

ಸಾಹೇಬರ ಬೆನ್ನು ನೆಟ್ಟಗಾಯಿತು. ಅಡ್ಡಹೆಸರು ಹೇಳಿದರು. ಅದು ಯಾವ ಊರಿನ ಮನೆತನ, ಅಜ್ಜನ ಕಾಲದಲ್ಲಿ ಎಷ್ಟು ಹೊಲವಿತ್ತು, ಮನೆದೇವರು ಯಾರು, ಕೇಳದೆಯೇ ಎಲ್ಲ ಹೇಳಿದರು. ಜೀವನದಲ್ಲಿ ಒಮ್ಮೆಯೂ ಆ ಪ್ರಶ್ನೆಗೆ ಹೆದರಬೇಕಾಗಿ ಬಂದವರಲ್ಲ ಅವರು. ಮಗಳು ನನ್ನ ಕಡೆ ನೋಡಿದಳು. ನಾನು ಹೋಳಿಗೆಯ ತಟ್ಟೆ ನೋಡುತ್ತಾ ಕೂತೆ.

ತಾಯಿ ಕೊನೆಯ ತನಕ ಕೇಳಿಸಿಕೊಂಡರು. ಆಮೇಲೆ ಹೇಳಿದರು: "ಬರ್ರಿ. ನಮ್ಮದೇನೂ ತಕರಾರು ಇಲ್ರಿ."