ಕ್ವಾರ್ಟರ್‌ಬ್ಯಾಕಿನ ಸಂಬಳ, ನನ್ನ ತಮ್ಮನ ಜೆರ್ಸಿ

ಫುಟ್‌ಬಾಲ್ ಸೀಸನ್ ಶುರುವಾದರೆ ಭಾನುವಾರ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯಲ್ಲಿ ಪಾತ್ರೆ ಸದ್ದು ಮಾಡುವಂತಿಲ್ಲ. ಬಹರೈನಿನಲ್ಲಿ ಭಾನುವಾರವೆಂದರೆ ವಾರದ ಮೊದಲ ಕೆಲಸದ ದಿನ. ಮೀನಾ ಸಲ್ಮಾನ್ ಬಂದರಿನ ಗೋದಾಮಿನಿಂದ ದಣಿದು ಬಂದ ಮನುಷ್ಯ ಉಂಡು ಮಲಗಬೇಕು. ನನ್ನ ಗಂಡ ಮಾತ್ರ ಟಿವಿ ಹಾಕಿ ಅಮೆರಿಕನ್ ಫುಟ್‌ಬಾಲ್ ನೋಡುತ್ತಾರೆ. ಅವರ ಮೇಲಧಿಕಾರಿ ಅಮೆರಿಕದವನು. ಅವನೊಡನೆ ಮಾತಾಡಲು ಒಂದು ವಿಷಯ ಬೇಕೆಂದು ಶುರುವಾದದ್ದು, ಈಗ ದೇವರ ದೀಪಕ್ಕಿಂತ ತಪ್ಪದೆ ನಡೆಯುತ್ತದೆ.

ಬೀನ್ಸ್ ಮುರಿಯುತ್ತ ಕೂತು ಕೂತು ಆ ಆಟ ನನಗೂ ಅಷ್ಟಿಷ್ಟು ತಿಳಿಯಿತು. ಚೆಂಡಿನ ಎರಡೂ ತುದಿ ಚೂಪು. ದೊಡ್ಡ ಹೊಟ್ಟೆಯವನೊಬ್ಬ ಬಗ್ಗಿ, ಅದನ್ನು ಕಾಲುಗಳ ಸಂದಿನಿಂದ ಹಿಂದಕ್ಕೆ ಕೊಡುತ್ತಾನೆ. ಹಿಂದೆ ನಿಂತು ಹಿಡಿಯುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಯಾರಿಗೆ ಹೋಗಬೇಕೆಂದು ತೀರ್ಮಾನಿಸುವವನು ಅವನು. ತಂಡದ ಹಣದಲ್ಲಿ ದೊಡ್ಡ ಪಾಲೂ ಅವನೊಬ್ಬನಿಗೇ. ನನ್ನ ಕಣ್ಣಿಗೆ ಬಿದ್ದದ್ದು ಬಟ್ಟೆ. ಆಟ ಮುಗಿಯುವಾಗ ಮುಂದೆ ನಿಂತವರ ಮೊಣಕಾಲೆಲ್ಲ ಹುಲ್ಲಿನ ಕಲೆ, ಮಣ್ಣು. ಚೆನ್ನಾಗಿ ಆಡಿದ ದಿನ ಕ್ವಾರ್ಟರ್‌ಬ್ಯಾಕಿನ ಅಂಗಿ ಮಾತ್ರ ಇಸ್ತ್ರಿ ಪೆಟ್ಟಿಗೆಯಿಂದ ಈಗಷ್ಟೇ ಎತ್ತಿದ ಹಾಗೆ.

"ಇವನಿಗೆ ಅಷ್ಟು ಯಾಕೆ ಕೊಡುದು? ಇವನನ್ನು ಬೀಳದ ಹಾಗೆ ಕಾಯುವವರಿಗೆ ಸ್ವಲ್ಪ ಕೊಡಬಹುದಲ್ಲ" ಎಂದೆ ಒಮ್ಮೆ.

"ಅಂಥವರು ಎಷ್ಟು ಬೇಕಾದ್ರೂ ಸಿಗ್ತಾರೆ ಮಾರಾಯ್ತಿ. ಇವ ಸಿಗುದಿಲ್ಲ. ಅಮೆರಿಕದವರೇನು ಮರುಳರಾ?"

ಈ ತರ್ಕ ಟಿವಿಯೊಳಗೇ ಉಳಿದಿದ್ದರೆ ನನ್ನ ತಕರಾರಿರಲಿಲ್ಲ. ಆದರೆ ನನ್ನ ಗಂಡ ನಮ್ಮ ಊರಿನವರ ಸಂಘದ ವಾಲಿಬಾಲ್ ತಂಡದ ಮ್ಯಾನೇಜರ್ ಕೂಡ. ಚಳಿಗಾಲದ ಶುಕ್ರವಾರಗಳಲ್ಲಿ ಇಲ್ಲಿನ ಕರಾವಳಿ ಸಂಘಗಳ ನಡುವೆ ಒಂದೊಂದು ದಿನದ ಪಂದ್ಯಾವಳಿಗಳು ನಡೆಯುತ್ತವೆ. ಮೊದಲೆಲ್ಲ ವಾರವಿಡೀ ಎಸಿ ರಿಪೇರಿ, ಹೋಟೆಲು, ಲೆಕ್ಕಪತ್ರ ಎಂದು ದುಡಿದವರೇ ಆಡುತ್ತಿದ್ದರು. ಈಗ ಗೆಲ್ಲಲೇಬೇಕೆಂದು ಹಟ ತೊಟ್ಟ ಸಂಘಗಳು ಊರಿನಿಂದ ಹೆಸರಾಂತ ಆಟಗಾರನನ್ನು ವಿಸಿಟ್ ವೀಸಾದಲ್ಲಿ ಕರೆಸುತ್ತವೆ. ಅವನ ಟಿಕೆಟು, ಸಂಭಾವನೆ ಸಂಘದ್ದು. ಊಟ, ಹಾಸಿಗೆ, ಬಿಸಿನೀರು ಮ್ಯಾನೇಜರನ ಹೆಂಡತಿಯದ್ದು.

ಕಳೆದ ವರ್ಷ ನಮ್ಮವರೂ ಒಬ್ಬ ಸ್ಮ್ಯಾಷರನನ್ನು ಗೊತ್ತು ಮಾಡಿದರು. ಅವನ ಕಡೆಯಿಂದ ಎರಡು ಶರತ್ತು ಬಂದವು. ಜೆರ್ಸಿಯ ಮೇಲೆ ಏಳನೇ ನಂಬರು ಬೇಕು. ಜೊತೆಗೆ ಅವನ ಲಿಫ್ಟರ್, ಅಂದರೆ ಹೊಡೆಯುವವನಿಗೆ ನೆಟ್ಟಿನ ಹತ್ತಿರ ಚೆಂಡನ್ನು ಹದವಾಗಿ ಎತ್ತಿಕೊಡುವವನು, ಅವನೂ ಬರಬೇಕು.

ನಮ್ಮ ತಂಡದ ಲಿಫ್ಟರ್ ನನ್ನ ತಮ್ಮ. ಏಳನೇ ನಂಬರೂ ಅವನದೇ. ಸಲ್ಮಾನಿಯಾದ ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿರುವ ಅವನು ಕೆಲಸ ಬಿಟ್ಟು ಊರಿಗೆ ಮರಳುವವನಿದ್ದ. ಅದು ಅವನ ಕೊನೆಯ ಪಂದ್ಯಾವಳಿ. ಅದಕ್ಕಾಗಿಯೇ ಮೊಣಕಾಲಿಗೆ ಹೊಸ ನೀ ಕ್ಯಾಪ್ ಕೊಂಡು, ಹಾಕಿ ತೋರಿಸಿಯೂ ಹೋಗಿದ್ದ.

"ನೀನೇ ಅವನಿಗೆ ಹೇಳು" ಎಂದರು ನನ್ನ ಗಂಡ.

"ನಾನು ಯಾಕೆ? ಮ್ಯಾನೇಜರ್ ನೀವಲ್ವಾ?"

"ನೀನು ಹೇಳಿದ್ರೆ ಮೆತ್ತಗೆ ಇರ್ತದೆ."

ಮೆತ್ತಗೆ ಮಾತಾಡಲು ಕಾನ್ವೆಂಟಿನಲ್ಲಿ ಕಲಿತದ್ದರಿಂದ ನನಗಾದ ನಷ್ಟವೆಂದರೆ ಇದು. ಯಾರಿಗೂ ಬೇಡದ ಮಾತೆಲ್ಲ ನನ್ನ ಬಾಯಿಯಿಂದಲೇ ಹೊರಡಬೇಕು. ತಮ್ಮನನ್ನು ಕರೆದು ಚಹಾ, ಗೋಳಿಬಜೆ ಕೊಟ್ಟು ವಿಷಯ ಹೇಳಿದೆ. ಅವನು ಕೈಯಲ್ಲಿದ್ದ ಗೋಳಿಬಜೆಯನ್ನು ಚಟ್ನಿಯಲ್ಲಿ ಮುಳುಗಿಸಿ ಎತ್ತುವುದನ್ನೇ ಮರೆತ.

"ನಂಬರ್ ಸಹ ಬೇಕಂತಾ?"

"ಹೌದಂತೆ."

"ಅವನಿಗೆ ನನ್ನ ಕಾಲಿನ ಹೆಬ್ಬೆರಳಿನ ನೋವು ಸಹ ಕೊಡು ಅಕ್ಕ, ಏಳನೇ ನಂಬರಿನ ಜೊತೆಗೆ ಬರ್ತದೆ ಅದು." ನಕ್ಕ. ಚಹಾ ಅರ್ಧ ಬಿಟ್ಟು ಹೋದ. ಮರುದಿನ, ಅವನು ಪಂದ್ಯದ ಶುಕ್ರವಾರಕ್ಕೆ ಯಾರದೋ ಡ್ಯೂಟಿಯನ್ನು ತಾನೇ ಕೇಳಿ ವಹಿಸಿಕೊಂಡಿದ್ದಾನೆಂದು ತಿಳಿಯಿತು.

ಪಂದ್ಯದ ವಾರ ನಮ್ಮ ಸ್ಟಾರ್ ಸ್ಮ್ಯಾಷರ್ ಮನೆಗೆ ಬಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ತಯಾರಾಗಿಯೇ ಇದ್ದೆ. ಅವನೋ ಬಾಗಿಲಲ್ಲೇ ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದ, ಉಂಡ ತಟ್ಟೆಯನ್ನು ತಾನೇ ತೊಳೆದ. ತೆಂಗಿನಕಾಯಿ ಹಾಕಿದ ಸಾರು ಬೇಡ, ಬೇಯಿಸಿದ ಕೋಳಿ ಸಾಕು ಎಂದ. ಕಾಯಿ ತುರಿಯುವುದು ತಪ್ಪಿತೆಂದುಕೊಂಡರೆ, ಬೇಯಿಸಿದ ಕೋಳಿ ನೋಡಿ ನನ್ನ ಗಂಡ ತಮಗೆ ಬೇರೆಯಾಗಿ, ಕಾಯಿ ತುರಿದು ಹಾಕಿ ಕೋಳಿ ಸುಕ್ಕ ಮಾಡೆಂದರು.

ಅವನ ಲಿಫ್ಟರ್‌ನ ವೀಸಾ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆವು; ಬುಧವಾರ ತಿರಸ್ಕೃತವಾಯಿತೆಂಬ ಮೆಸೇಜು ಬಂತು. ನನ್ನ ಗಂಡ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ಅವರು ಹಾಗೆ ನಿಲ್ಲುವುದು ಏನಾದರೂ ಬೇಕಾದಾಗ ಮಾತ್ರ.

"ತಮ್ಮನಿಗೆ ಒಂದು ಫೋನ್ ಮಾಡ್ತೀಯಾ?"

"ಇಲ್ಲ."

"ನೀನು ಹೇಳಿದ್ರೆ..."

"ಬೇಡ ಅನ್ನುವ ಮಾತು ನಾನು ಹೇಳಿ ಆಯ್ತು. ಬಾ ಅನ್ನುದು ನೀವು ಹೇಳಿ. ಹೋಗಿ, ಎದುರು ನಿಂತು."

ಕಡೆಗೆ, ಕಾರಿನಲ್ಲಿ ಜೊತೆಗೆ ಕೂತುಕೊಳ್ಳಲು ಮಾತ್ರ ಒಪ್ಪಿದೆ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಿಟಕಿ ಇಳಿಸಿ ಕೂತೆ. ಬಿಳಿ ಕೋಟಿನಲ್ಲಿ ತಮ್ಮ ಹೊರಗೆ ಬಂದ. ಅವನ ಕೋಟಿನ ಕಿಸೆಯಲ್ಲಿ ಪೆನ್ನಿನ ಶಾಯಿ ಹರಡಿತ್ತು. ಅದನ್ನು ಯಾರು ತೊಳೆಯುತ್ತಾರೋ ಎಂದುಕೊಂಡೆ.

"ಭಾವ, ಸ್ಟಾರ್ ಬಂದಿದ್ದಾನಂತೆ."

"ಬಂದಿದ್ದಾನೆ. ನೀನು ಸಹ ಬರ್ಬೇಕು."

"ನಂಗೆ ಶುಕ್ರವಾರ ಡ್ಯೂಟಿ ಉಂಟಲ್ಲ."

"ಯಾರ ಹತ್ರಾದ್ರೂ ಬದಲಿಸ್ಲಿಕ್ಕೆ ಆಗುದಿಲ್ವಾ?"

"ಬದಲಿಸಿಯೇ ತಗೊಂಡದ್ದು ಅದನ್ನು."

ನನ್ನ ಗಂಡ ಕಾರಿನ ಬೀಗದಕೈಯನ್ನು ಬೆರಳಲ್ಲಿ ತಿರುಗಿಸಿದರು. "ಕ್ಷಮಿಸು ಅಂತ ಹೇಳ್ಬೇಕಾ ನಾನು?"

"ಬೇಡ ಭಾವ, ನೀವು ಹೇಳಿದ್ರೆ ನಂಗೆ ಹೆದರಿಕೆ ಆಗ್ತದೆ. ನಂಗೂ ಟಿಕೆಟು, ವೀಸಾ ಕೊಡ್ತೀರಾ?"

"ನೀನು ಇಲ್ಲೇ ಇದ್ದೀಯಲ್ಲ ಮಾರಾಯ."

"ಅದೇ ಅಲ್ವಾ ತೊಂದರೆ ಆದದ್ದು."

ಒಂದು ಆಂಬುಲೆನ್ಸ್ ಹಾದುಹೋಯಿತು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಆಮೇಲೆ ತಮ್ಮ, "ಡ್ಯೂಟಿ ನೋಡ್ತೇನೆ" ಎಂದು ಒಳಗೆ ಹೋದ.

ಶುಕ್ರವಾರ ಬಂದ. ಬಂದವನಿಗೆ ಆಡಲು ಆಗುವ ಜೆರ್ಸಿ ಇರಲಿಲ್ಲ. ಅವನದು ಹಳೆಯ ಏಳು, ಸ್ಟಾರಿನದು ಹೊಸ ಏಳು. ಒಂದೇ ತಂಡದಲ್ಲಿ ಎರಡು ಏಳು ನಡೆಯುವುದಿಲ್ಲವೆಂದು ರೆಫರಿ ಖಡಾಖಂಡಿತವಾಗಿ ಹೇಳಿದ. ಇಷ್ಟೆಲ್ಲ ಯೋಜನೆ ಮಾಡಿದ ಮ್ಯಾನೇಜರಿಗೆ ಇದೊಂದು ಹೊಳೆದಿರಲಿಲ್ಲ. ತಮ್ಮನ ಚೀಲದಲ್ಲಿ ಆಸ್ಪತ್ರೆಯ ಬಿಳಿ ಪ್ಲಾಸ್ಟರಿತ್ತು. ಅವನನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಏಳರ ಎಡಕ್ಕೆ ಒಂದು ಉದ್ದ ಪಟ್ಟಿ ಅಂಟಿಸಿದೆ, ಆಮೇಲೆ ಎದೆಯ ಮೇಲೊಂದು ಚಿಕ್ಕದು. ಹದಿನೇಳು. ಕಾನ್ವೆಂಟಿನ ಹೊಲಿಗೆ ಕ್ಲಾಸಿನ ಸಿಸ್ಟರ್ ನೋಡಿದ್ದರೆ ಸೊಟ್ಟವಾಯಿತೆಂದು ಬಿಚ್ಚಿಸುತ್ತಿದ್ದರು.

ಮೊದಲ ಸೆಟ್ ಹೀನಾಯ. ಚೆಂಡು ಮೇಲೇರುವ ಮೊದಲೇ ಸ್ಟಾರ್ ಹಾರುತ್ತಿದ್ದ, ಅವನು ಇಳಿದ ಮೇಲೆ ಚೆಂಡು ಅಲ್ಲಿಗೆ ತಲುಪುತ್ತಿತ್ತು. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಗಂಡ, "ಎತ್ತರ ಕೊಡು, ಎತ್ತರ" ಎನ್ನುತ್ತಿದ್ದರು. ಎರಡನೇ ಸೆಟ್ಟಿನಲ್ಲಿ ತಮ್ಮ ಸ್ಟಾರಿನತ್ತ ಮುಖ ಮಾಡಿ, ಚೆಂಡನ್ನು ಹಿಂದಲೆಯ ಮೇಲಿಂದ ಇನ್ನೊಂದು ಕಡೆಗೆ ಎತ್ತತೊಡಗಿದ. ಅಲ್ಲಿದ್ದವನು ಅವಾಲಿಯಲ್ಲಿ ಬಸ್ಸು ಓಡಿಸುವ ನಮ್ಮವನೇ ಒಬ್ಬ ಡ್ರೈವರ್. ಎದುರಿನ ಬ್ಲಾಕರುಗಳೆಲ್ಲ ಸ್ಟಾರಿನ ಮುಂದೆ ಕೈ ಎತ್ತಿ ನಿಂತಿರುತ್ತಿದ್ದರು. ಡ್ರೈವರ್ ಖಾಲಿ ನೆಟ್ಟಿನ ಮೇಲಿಂದ ಆರಾಮಾಗಿ ಹೊಡೆಯುತ್ತಿದ್ದ. ಹಾಗೆಯೇ ಆ ಪಂದ್ಯ ಗೆದ್ದರು, ಮುಂದಿನದನ್ನೂ. ಫೈನಲಿನಲ್ಲಿ ಸೋತರು. ಅಷ್ಟರಲ್ಲಿ ತಮ್ಮನ ಬೆನ್ನಿನ ಪ್ಲಾಸ್ಟರ್ ಬೆವರಿಗೆ ಅರ್ಧ ಕಿತ್ತು ಬಾಲದ ಹಾಗೆ ನೇತಾಡುತ್ತಿತ್ತು. ಶ್ರೇಷ್ಠ ಸ್ಮ್ಯಾಷರ್ ಎಂಬ ಕಪ್ ಸ್ಟಾರಿಗೆ ಬಂತು. ಲಿಫ್ಟರಿಗೆ ಕಪ್ ಕೊಡುವ ಪದ್ಧತಿ ಆ ಪಂದ್ಯಾವಳಿಯಲ್ಲಿಲ್ಲ.

ಸ್ಟಾರನ್ನು ಕರೆದುಕೊಂಡು ಕಾರಿನಲ್ಲಿ ಮನೆಗೆ ಮರಳುವಾಗ ನನ್ನ ಗಂಡ ಉಮೇದಿನಲ್ಲಿದ್ದರು. "ನೋಡಿದೆಯಾ? ಸ್ಟಾರಿಗೆ ಹೆದರಿ ಎಲ್ರೂ ಅವನ ಮುಂದೆ ನಿಂತದ್ದಕ್ಕೆ ಡ್ರೈವರ್ ಬಚಾವ್. ಕೊಟ್ಟದ್ದು ದಂಡ ಆಗ್ಲಿಲ್ಲ."

ನನಗೆ ಸಿಟ್ಟು ಬಂದದ್ದು ಆ ಮಾತಿನಲ್ಲಿ ಸ್ವಲ್ಪ ನಿಜ ಇದ್ದದ್ದರಿಂದ. "ಅವರು ಅಲ್ಲಿ ನಿಂತದ್ದನ್ನು ಕಂಡು ಚೆಂಡನ್ನು ಆಚೆ ಕೊಟ್ಟದ್ದು ಯಾರು?" ಎಂದೆ. "ನಿಮ್ಮ ಟಿವಿಯಲ್ಲಿ ಆ ಕೆಲಸ ಮಾಡುವವನಿಗೇ ಅಲ್ವಾ ಅಷ್ಟು ಸಂಬಳ?"

ಸಿಗ್ನಲ್ ಕೆಂಪಿತ್ತು. ಅವರು ಅದನ್ನು ಬಹಳ ಗಮನವಿಟ್ಟು ನೋಡಿದರು.

ಹಿಂದಿನ ಸೀಟಿನಿಂದ ಸ್ಟಾರ್, "ನಿಮ್ಮ ತಮ್ಮನ ಲಿಫ್ಟ್ ಒಳ್ಳೆದುಂಟು ಅಕ್ಕ. ಒಂದು ವಾರ ಒಟ್ಟಿಗೆ ಆಡ್ಲಿಕ್ಕೆ ಸಿಕ್ಕಿದ್ರೆ ಗೆಲ್ತಿದ್ದೆವು" ಎಂದ. ನೀನು ಬಾರದಿದ್ದರೆ ಒಂದು ವಾರವಲ್ಲ, ಇಡೀ ಚಳಿಗಾಲವೇ ಸಿಕ್ಕುತ್ತಿತ್ತು ನಮ್ಮ ಡ್ರೈವರಿಗೂ ತಮ್ಮನಿಗೂ, ಎನ್ನಬೇಕೆನಿಸಿತು. ಆದರೆ ಅವನ ಮಡಿಲಲ್ಲಿ ಕಪ್, ಮುಖದಲ್ಲಿ ಅಷ್ಟು ಸಂಕೋಚ.

ತಮ್ಮ ಆ ಜೆರ್ಸಿಯನ್ನು ಊರಿಗೆ ಒಯ್ಯುತ್ತೇನೆ, ತೊಳೆದು ಕೊಡು ಎಂದಿದ್ದ. ಬೆವರು ಹೋಯಿತು, ಪ್ಲಾಸ್ಟರಿನ ಅಂಟು ಹೋಗಲಿಲ್ಲ. ಏಳರ ಪಕ್ಕದಲ್ಲಿ ಬೂದು ಬಣ್ಣದ ಒಂದು ಗೆರೆ ಹಾಗೆಯೇ ಉಳಿಯಿತು.

ಭಾನುವಾರ ಟಿವಿಯಲ್ಲಿ ಯಾವನೋ ಹೊಸ ಕ್ವಾರ್ಟರ್‌ಬ್ಯಾಕಿನ ಕರಾರಿನ ಮಾತು ನಡೆದಿತ್ತು. "ಬರುವ ವರ್ಷ ಲಿಫ್ಟರ್‌ನ ವೀಸಾ ಮೊದಲೇ ಮಾಡಿಸ್ಬೇಕು" ಎಂದರು ನನ್ನ ಗಂಡ, ಪರದೆಯಿಂದ ಕಣ್ಣು ತೆಗೆಯದೆ.

ಜೆರ್ಸಿಯನ್ನೂ ತೆಂಗಿನೆಣ್ಣೆಯ ಬಟ್ಟಲನ್ನೂ ಅವರ ಮಡಿಲಲ್ಲಿಟ್ಟೆ. "ಈ ಅಂಟನ್ನು ಬೆರಳಲ್ಲಿ ಮೆಲ್ಲ ಉಜ್ಜಿ. ಏಳಕ್ಕೆ ತಾಗಬಾರದು."

"ಈಗಲಾ? ಆಟ ಮುಗೀಲಿ."

"ನಾಡಿದ್ದು ತಮ್ಮ ಊರಿಗೆ ಹೋಗ್ತಾನೆ."

ಅವರು ಟಿವಿ ನೋಡಿದರು, ನನ್ನನ್ನು ನೋಡಿದರು. ಕಡೆಗೆ ಕನ್ನಡಕ ಹಾಕಿಕೊಂಡು, ಎಣ್ಣೆಯಲ್ಲಿ ಬೆರಳದ್ದಿ, ತಲೆ ತಗ್ಗಿಸಿದರು. ನಾನು ಅಡುಗೆಮನೆಗೆ ಹೋಗಿ, ಸದ್ದಾಗಬಾರದೆಂದು ಸಿಂಕಿನಲ್ಲೇ ಒಟ್ಟಿಟ್ಟಿದ್ದ ಪಾತ್ರೆಗಳನ್ನು ಒಂದೊಂದಾಗಿ ತೊಳೆಯತೊಡಗಿದೆ, ಬೇಕಾದಷ್ಟು ಸದ್ದು ಮಾಡುತ್ತ.